ಮುಟ್ಟು ನಿಂತ ಮೇಲೆ ಬಂದ ಹೊಟ್ಟೆ ಅಕ್ಯುಪ್ರೆಶರ್‌ನಿಂದ ಕರಗುತ್ತಾ?

ನಿಮಗೆ 52, ಮುಟ್ಟು ನಿಂತು ಮೂರು ವರ್ಷ, ಎಂಟು ಕಿಲೋ ಏರಿದೆ, ಸೂಜಿ, ಅಕ್ಯುಪ್ರೆಶರ್ ಮಾಡುವ ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ದುಡ್ಡು ಕಟ್ಟಲೇ, ಬೇಡವೇ ಅಂತ ಕೇಳಿದ್ದೀರಿ. ಅಷ್ಟನ್ನೂ ಒಟ್ಟಿಗೆ ಕಟ್ಟಬೇಡಿ. ನಾನು ಕಟ್ಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಸೀರೆ ಉಡುವವರಿಗೆ ದಪ್ಪ ಆಗಿದ್ದು ಬೇಗ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗಿದ್ದು ಲಂಗದ ಲಾಡಿ ಗಿಡ್ಡ ಆದಾಗ. ಊಟ ಮೊದಲಿನಷ್ಟೇ, ಕೆಲಸವೂ ಅಷ್ಟೇ. ಆದರೆ ಹೆಣ್ಣಿನ ಹಾರ್ಮೋನು ಈಸ್ಟ್ರೊಜನ್ ಇಳಿದ ಮೇಲೆ, ಮೊದಲು ತೊಡೆ, ಸೊಂಟಕ್ಕೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ. ವಯಸ್ಸಿಗೆ ಮಾಂಸಖಂಡವೂ ಕರಗುತ್ತದೆ. ರಾತ್ರಿ ಮೈಯೆಲ್ಲ ಬಿಸಿಯೇರಿ, ಬೆವರಿ ಎಚ್ಚರವಾಗುತ್ತದಲ್ವಾ? ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ, ಅದೂ ಸಿಹಿ, ಕರಿದದ್ದರ ಮೇಲೆ.

ನಾನು ಹೋದ ಕಡೆ ಅರ್ಧ ಗಂಟೆ ಮಲಗಿಸಿ ಸೂಜಿ ಹಾಕುತ್ತಿದ್ದರು. ಸೂಜಿ ಹಾಕಿದರೆ ಅಕ್ಯುಪಂಕ್ಚರ್, ಅದೇ ಬಿಂದುಗಳನ್ನು ಬರೀ ಒತ್ತಿದರೆ ಅಕ್ಯುಪ್ರೆಶರ್. ಹೊಕ್ಕುಳದ ಎಡಬಲಕ್ಕೆ ಮೂರು ಬೆರಳಗಲ ದೂರದಲ್ಲಿ ಒಂದೊಂದು. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಹೊರಬದಿಗೆ ಒಂದು. ಅದನ್ನು ಅವರ ನಕ್ಷೆಯಲ್ಲಿ ಎಸ್‌ಟಿ 36 ಅನ್ನುತ್ತಾರೆ. ಒಳಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ ಇನ್ನೊಂದು, ಎಸ್‌ಪಿ 6. ಕೊನೆಗೆ ಕಿವಿಗೆ ಸಾಸಿವೆಯಂಥ ಬೀಜ ಇಟ್ಟು ಟೇಪ್ ಅಂಟಿಸಿ, ಹಸಿವಾದಾಗ ಒತ್ತಿಕೊಳ್ಳಿ ಅಂದರು. ಕಿವಿಯನ್ನು ತಲೆಕೆಳಗಾದ ಮಗುವಿನಂತೆ ನೋಡಿ ಬಿಂದುಗಳ ನಕ್ಷೆ ಮಾಡಿದ್ದು ಫ್ರಾನ್ಸಿನ ವೈದ್ಯ ಪಾಲ್ ನೊಜಿಯೆ, 1950ರ ದಶಕದಲ್ಲಿ. ಹಾಗಾದರೆ ಕಿವಿ ಚುಚ್ಚಿಸಿಕೊಂಡ ನಮ್ಮ ಅಜ್ಜಿಯರೆಲ್ಲ ಸಣ್ಣಗಿರಬೇಕಿತ್ತಲ್ಲ ಎಂದು ತಮಾಷೆ ಮಾಡಿದೆ. ಓಲೆ ಹಾಕುವ ಜಾಗ ತಲೆಯದು, ಹೊಟ್ಟೆಯದಲ್ಲ ಅಂತ ಸೂಜಿ ಹಾಕುವಾಕೆ ಗಂಭೀರವಾಗಿಯೇ ಹೇಳಿದರು!

ಹತ್ತು ವಾರಕ್ಕೆ ಎರಡು ಕಿಲೋ ಇಳಿಯಿತು. ಖುಷಿಯೇ. ಆದರೆ ಮೊದಲ ದಿನವೇ ಅವರು ಒಂದು ಚೀಟಿ ಕೊಟ್ಟಿದ್ದರು: ರಾತ್ರಿ ಅನ್ನ ಬೇಡ, ಕಾಫಿಗೆ ಸಕ್ಕರೆ ಬೇಡ, ದಿನಾ ನಲವತ್ತು ನಿಮಿಷ ನಡಿಗೆ. ಇನ್ನು ಯಾವುದಕ್ಕೆ ಶಹಬ್ಬಾಸ್ ಹೇಳೋಣ, ಸೂಜಿಗೋ ಚೀಟಿಗೋ? ಅಧ್ಯಯನಗಳಲ್ಲೂ ಇದೇ ತಕರಾರು. ಹೆಚ್ಚಿನವು ಚಿಕ್ಕವು, ಕೆಲವೇ ವಾರಗಳವು, ಜೊತೆಗೆ ಪಥ್ಯವೂ ಇರುತ್ತದೆ. ಹೋಲಿಕೆಗೆಂದು ಸುಳ್ಳು ಸೂಜಿ ಹಾಕಿಸಿಕೊಂಡವರಿಗಿಂತ ನಿಜದ ಸೂಜಿಯವರು ಇಳಿಸಿದ್ದು ಒಂದೂವರೆ, ಎರಡು ಕಿಲೋದ ಆಸುಪಾಸು. ಎಂಟು ಕಿಲೋ ಅದರಿಂದಲೇ ಹೋಗುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ.

ಹಾಗಂತ ಪೂರ್ತಿ ದಂಡ ಅನ್ನಲಾರೆ. ನನ್ನ ದೊಡ್ಡ ಶತ್ರು ಸಂಜೆ ನಾಲ್ಕು ಗಂಟೆಯ ಕೋಡುಬಳೆ ಡಬ್ಬ. ಕೈ ಅತ್ತ ಹೋಗುವಾಗ ಕಿವಿಯ ಬೀಜ ನೆನಪಾಗುತ್ತಿತ್ತು. ಎರಡು ನಿಮಿಷ ಒತ್ತಿಕೊಂಡು ಕೂರುತ್ತಿದ್ದೆ. ಅಷ್ಟರಲ್ಲಿ ಎರಡು ದಿನಕ್ಕೊಮ್ಮೆಯಾದರೂ ಮನಸ್ಸು ಬದಲಾಗುತ್ತಿತ್ತು. ಬಿಂದುವಿನ ಶಕ್ತಿಯೋ, ಆ ಎರಡು ನಿಮಿಷ ಕಾದದ್ದರ ಶಕ್ತಿಯೋ! ನಿದ್ದೆಯೂ ಸ್ವಲ್ಪ ಸುಧಾರಿಸಿತು. ಈಗ ದುಡ್ಡು ಕೊಡದೆ ನಾನೇ ಮಲಗುವ ಮುಂಚೆ ಕಾಲಿನ ಆ ಎರಡು ಜಾಗ ಹೆಬ್ಬೆರಳಲ್ಲಿ ಒತ್ತಿಕೊಳ್ಳುತ್ತೇನೆ. ಅಕ್ಯುಪ್ರೆಶರ್‌ನ ಲಾಭ ಅದೇ, ಸೂಜಿ ಬೇಡ.

ಹೊಟ್ಟೆ ನಿಜವಾಗಿ ಕಮ್ಮಿಯಾಗಿದ್ದು ಆಮೇಲೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು, ಊಟದಲ್ಲಿ ಅನ್ನ ಇಳಿಸಿ ಹುರುಳಿ, ಮೊಳಕೆಕಾಳು, ಮೊಸರು ಏರಿಸಿದ್ದು. ತೂಕ ಅಷ್ಟಾಗಿ ಕದಲಲಿಲ್ಲ, ಅಳತೆ ಟೇಪ್ ಕದಲಿತು. ನಮ್ಮ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಕಡೆ ಎಚ್ಚರ ಬೇಕು ಅನ್ನುತ್ತಾರೆ. ನೀವೂ ಟೇಪ್ ಹಿಡಿಯಿರಿ, ತೂಕದ ಯಂತ್ರ ಬಿಡಿ.

ಸೂಜಿಗೆ ಹೋಗುವ ಮುಂಚೆ ಥೈರಾಯ್ಡ್, ಸಕ್ಕರೆ ಒಮ್ಮೆ ನೋಡಿಸಿ. ಈ ವಯಸ್ಸಿನಲ್ಲಿ ಥೈರಾಯ್ಡ್ ಸುಮ್ನೆ ಕೂತಿದ್ದು ತೂಕ ಏರಿಸಬಹುದು. ಮುಟ್ಟು ನಿಂತು ಒಂದು ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಇದೆಲ್ಲ ಆಮೇಲೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೂಜಿ ಹಾಕುವವರಿಗೆ ಹೇಳಿ. ಪೇಸ್‌ಮೇಕರ್ ಇದ್ದರೆ ಕರೆಂಟ್ ಕೊಡುವ ಸೂಜಿ ಬೇಡವೇ ಬೇಡ. ಸೂಜಿ ಹೊಸ ಪ್ಯಾಕೆಟ್ಟಿನಿಂದ ನಿಮ್ಮೆದುರೇ ತೆಗೆಯಬೇಕು. ಎಲ್ಲಿ ಕಲಿತಿರಿ ಅಂತ ಕೇಳಲು ಸಂಕೋಚ ಬೇಡ. ಪ್ರಕೃತಿ ಚಿಕಿತ್ಸೆ, ಯೋಗದ ಬಿಎನ್‌ವೈಎಸ್ ಪದವಿ ಓದಿದವರು ಐದೂವರೆ ವರ್ಷ ಕಲಿತಿರುತ್ತಾರೆ.

ಮನಸ್ಸಿದ್ದರೆ ಐದು ಸಿಟ್ಟಿಂಗಿಗೆ ಮಾತ್ರ, ಒಂದೊಂದಾಗಿ ದುಡ್ಡು ಕೊಟ್ಟು ನೋಡಿ. ಪ್ಯಾಕೇಜೇ ತಗೊಳ್ಳಬೇಕು ಅಂತ ಅವರು ಹಟ ಹಿಡಿದರೆ ಅವರ ಫೋನ್ ಎತ್ತಬೇಡಿ. ನನಗೆ ಅವರು ಆರು ತಿಂಗಳು ಫೋನ್ ಮಾಡಿದ್ದರು.