ಇಳಕಲ್ಲಿನ ತಂಗಿಗೆ, ಇಲ್ಲಿ ಹಡಿಯೋ ಮಾತು

ತಂಗಿ, ನೀ ಇಳಕಲ್ಲಿಂದ ಬರ್ಮಿಂಗ್‌ಹ್ಯಾಮಿಗೆ ಬಂದು ಮೂರು ವಾರ, ಈಗ ಎರಡು ತಿಂಗಳ ಬಸುರಿ. "ನಿರಾಶ್ರಿತರಾಗಿ ಬಂದ ಹೆಣ್ಮಕ್ಕಳ ಹೆರಿಗಿ ಇಲ್ಲಿಯವರಕಿಂತ ತ್ರಾಸಿನವು ಅಂತ ಓದೀನಿ ಅಕ್ಕಾ, ನಮ್ಮದೂ ಹಂಗನ? ಚೊಚ್ಚಲಕ್ಕ ತವರಿಗೆ ಹೋಗ್ಬಿಡ್ಲೇನು?" ಅಂತ ಕೇಳಿದಿ. ನಾ ಬಾಗಲಕೋಟಿಯಾಕಿ. ಇಬ್ಬರು ಮಕ್ಕಳನ್ನೂ ಇಲ್ಲೇ ಹಡದೀನಿ. ಹೊಸದಾಗಿ ಬಂದ ಬಸುರ್ಯಾರ ಜೋಡಿ ದವಾಖಾನಿಗೆ ಹೋಗೋ ಸೇವಾನೂ ಮಾಡ್ತೀನಿ.

ಫರಕು ಐತಿ, ಮುಚ್ಚಿಡಂಗಿಲ್ಲ. 2016ರಿಂದ 2018ರ ಬ್ರಿಟನ್ ಲೆಕ್ಕದಾಗ ಲಕ್ಷ ಹೆರಿಗಿಗೆ ಬಿಳಿಯರೊಳಗ 8 ತಾಯಂದಿರು ತೀರಿಕೊಂಡ್ರ, ನಮ್ಮಂಥ ಏಷ್ಯಾದವರೊಳಗ 15, ಕಪ್ಪು ವರ್ಣದವರೊಳಗ 34. ನಿರಾಶ್ರಿತರದು ಇನ್ನೊಂದು ಸಂಕಟ: ಹಳೇ ಕಾಗದ-ಪತ್ರ ಇರಂಗಿಲ್ಲ, ಒಂದೂರಿಂದ ಇನ್ನೊಂದೂರಿಗೆ ಕಳಿಸ್ತಾರ, ಮೊದಲನೇ ತಪಾಸಣಿನ ತಡ ಆಗ್ತೈತಿ, ಭಾಷಾ ಬರಂಗಿಲ್ಲ.

ಹೋದ ವರ್ಷ ಒಬ್ಬಾಕಿ ಸುಡಾನದಾಕಿ ಜೋಡಿ ಹೋಗಿದ್ದೆ. ಮಿಡ್‌ವೈಫ್ (ಬಸುರ್ಯಾರನ್ನ ನೋಡಿಕೊಳ್ಳೋ ಹೆರಿಗಿ ನರ್ಸ್) ಏನು ಕೇಳಿದ್ರೂ ಗಂಡನೇ ಉತ್ತರ ಕೊಡತಿದ್ದ, ಅಕಿ ಸೆರಗಿನ ತುದಿ ಸುತಗೋತ ಗೋಣು ಹಾಕತಿದ್ಲು. ಮಿಡ್‌ವೈಫ್ ಅವನ್ನ ಹೊರಗ ಕೂಡ್ರಿಸಿ, ಫೋನಿನ್ಯಾಗ ಅರಬ್ಬಿ ದುಭಾಷಿನ ಕರದು ಮೇಜಿನ ಮ್ಯಾಲಿಟ್ಲು. ಆಗ ಬಾಯಿಬಿಟ್ಲು: ಎರಡು ದಿನದಿಂದ ಕೂಸು ಸರಿಯಾಗಿ ಮಿಸುಕಾಡಿಲ್ಲ. ಅವತ್ತ ಆಪರೇಷನ್ ಮಾಡಿ ಕೂಸು ತಗದ್ರು, ಉಳೀತು.

ನಾ ಇಂಗ್ಲಿಷ್ ಬಲ್ಲಾಕಿ, ಆದ್ರೂ ನಾನೂ ಹೇಳೋದು ತಡಾ ಮಾಡಿದೆ. ಎಂಟನೇ ತಿಂಗಳದಾಗ ರಾತ್ರಿ ಅಂಗೈ, ಅಂಗಾಲು ಕೆರತ. ಗಂಧಿ ಇಲ್ಲ, ಗುಳ್ಳಿ ಇಲ್ಲ. ಹೀಟರಿಗೆ ಚರ್ಮ ಒಣಗಿರಬೇಕು ಅಂತ ಕೊಬ್ರಿ ಎಣ್ಣಿ ಹಚ್ಚಕೊಂಡು ಹತ್ತು ದಿನ ಸುಮ್ಮನಿದ್ದೆ. ರಕ್ತ ತಪಾಸಣಿ ಮಾಡಿದ್ರ ಪಿತ್ತರಸದ ಆಮ್ಲ ಏರಿತ್ತು. ಬಾಳ ಏರಿದ್ರ ಹೊಟ್ಟ್ಯಾಗಿನ ಕೂಸಿನ ಜೀವಕ್ಕ ಅಪಾಯ. ಈ ಪಿತ್ತದ ತೊಂದ್ರಿ ಇಲ್ಲಿ ಸಾವಿರಕ್ಕ 7 ಬಸುರ್ಯಾರಿಗೆ ಬರೋದು, ಭಾರತ-ಪಾಕಿಸ್ತಾನ ಮೂಲದವರೊಳಗ 12ರಿಂದ 15 ಮಂದಿಗೆ ಬರ್ತೈತಿ. ಈ ಮಾತು ನನಗ ಮೊದಲ ಯಾರೂ ಹೇಳಿರಲಿಲ್ಲ, ಅದಕ್ಕ ನಿನಗ ಹೇಳಾಕತ್ತೀನಿ.

ಹತ್ತು ವಾರ ತುಂಬೂದ್ರೊಳಗ ಮಿಡ್‌ವೈಫ್ ಹತ್ರ ಹೆಸರು ಹಚ್ಚು. ವೀಸಾಕ್ಕ ಆರೋಗ್ಯದ ರೊಕ್ಕ ಕಟ್ಟೀರಿ, ಹೆರಿಗಿಗೆ ಬಿಲ್ ಬರಂಗಿಲ್ಲ. ನಮ್ಮವರಿಗೆ ಸಕ್ಕರಿ ಕಾಯಿಲಿ ಹೆಚ್ಚು, 24ರಿಂದ 28 ವಾರದೊಳಗಿನ ಸಕ್ಕರಿ ತಪಾಸಣಿ ಬಿಡಬ್ಯಾಡ. ಬಿಸಿಲಿಲ್ಲದ ದೇಶ, ವಿಟಮಿನ್ ಡಿ ದಿನಾ 10 ಮೈಕ್ರೋಗ್ರಾಂ ತಗೋ. ಇಂಗ್ಲಿಷಿನ್ಯಾಗ ತಡವರಿಸಿದ್ರ ಕನ್ನಡ ದುಭಾಷಿ ಬೇಕು ಅಂತ ಮೊದಲ ಹೇಳು, ಅದೂ ಪುಕ್ಕಟ. ಕೂಸಿನ ಮಿಸುಕಾಟ ಕಡಿಮಿ ಅನಿಸಿದ್ರ ರಾತ್ರಿ ಎರಡಾದ್ರೂ ದವಾಖಾನಿಗೆ ಫೋನ್ ಹಚ್ಚು, ಯಾರೂ ಬೈಯಂಗಿಲ್ಲ.

ತವರಿಗೆ ಹೋಗೋದು ನಿನ್ನ ಇಷ್ಟ. ನಾನಾದ್ರ ಇಲ್ಲೇ ಇರು ಅಂತೀನಿ, ಅವ್ವನ್ನ ಕರಿಸ್ಕೋ. ಸಂದರ್ಶಕ ವೀಸಾದ ಮ್ಯಾಲೆ ಆರು ತಿಂಗಳ ಇರಾಕ ಬರ್ತೈತಿ. ಅಂಟಿನ ಉಂಡಿ, ಅಳವಿ ಕಟ್ಟಿಸ್ಕೊಂಡು ಬರ್ಲಿ. ಮೊದಲನೇ ತಪಾಸಣಿ ಯಾವತ್ತು ಅಂತ ತಿಳಸು, ಶನಿವಾರ ಬಿಟ್ಟು ಯಾವತ್ತಾದ್ರೂ ಜೋಡಿ ಬರ್ತೀನಿ.