ಹೆಬ್ಬೆಟ್ಟಿಗೆ ಬೇಕಾಗಿದ್ದ ದೊಡ್ಡಜ್ಜಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ಆರು ಪುಟದ್ದು. ಬರೆದವರು ಹೊಸನಗರ ಕಡೆಯ ಹುಡುಗಿ, ವಯಸ್ಸು 24, ಬೆಂಗಳೂರಿನಲ್ಲಿ ಕೆಲಸ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರು ಬರೆದಿದ್ದರ ಸಾರ ಹೀಗಿದೆ.

ಅಮ್ಮನ ಅಮ್ಮ ತೀರಿಕೊಂಡು ವರ್ಷವಾಯಿತು. ವರ್ಷಾಂತಿಕಕ್ಕೆ ಊರಿಗೆ ಹೋದಾಗ ಅಜ್ಜಿಯ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಒಂದು ಹಳೆಯ ಹಕ್ಕುಬಿಡುಗಡೆ ಪತ್ರದ ನಕಲು ಸಿಕ್ಕಿತು. ಅಪ್ಪನ ಆಸ್ತಿಯಲ್ಲಿ ನಮಗೇನೂ ಬೇಡ ಅಂತ ಹೆಣ್ಣುಮಕ್ಕಳು ಅಣ್ಣನಿಗೆ ಬರೆದುಕೊಟ್ಟ ಕಾಗದ. ಕೆಳಗೆ ಅಜ್ಜಿಯ ಸಹಿ. ಅದರ ಪಕ್ಕ ಒಂದು ಹೆಬ್ಬೆಟ್ಟು, ಮನೆಯಲ್ಲಿ ಯಾರೂ ಯಾವತ್ತೂ ಎತ್ತದ ಒಂದು ಹೆಸರು. ಅಮ್ಮನನ್ನು ಕೇಳಿದರೆ ಮಾತಿಲ್ಲ. ಸೋದರಮಾವ ರೇಗಿದರು. ಕೊನೆಗೆ ಊರಿನ ಹಿರಿಯರೊಬ್ಬರು ಹೇಳಿದರು: ಅದು ನಿಮ್ಮ ಅಜ್ಜಿಯ ಅಕ್ಕ, ಇನ್ನೂ ಇದ್ದಾರೆ, ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ.

ಹುಡುಗಿ ಹುಡುಕಿಕೊಂಡು ಹೋದರು. ದೊಡ್ಡಜ್ಜಿಗೆ ಎಂಬತ್ತರ ಹತ್ತಿರ. ಸರ್ಪಸುತ್ತಿಗೆ ಮದ್ದು ಹಾಕುತ್ತಾರೆ, ಮಕ್ಕಳಿಗೆ ದೃಷ್ಟಿ ತೆಗೆಯುತ್ತಾರೆ, ಅಮಾವಾಸ್ಯೆ ದಿನ ಮೈಮೇಲೆ ಚೌಡಿ ದೇವತೆ ಬರುತ್ತಾಳೆ. ಮೊದಲ ಸಲ ಮೈದುಂಬಿದ್ದು ಹದಿನಾರರಲ್ಲಿ. ತಂಗಿಗೆ ಗಂಡು ಸಿಗುವುದಿಲ್ಲ ಅಂತ ಮನೆಯವರು ಹೊಳೆಯಾಚೆಯ ನೆಂಟರಲ್ಲಿ ಬಿಟ್ಟರು. ಆಮೇಲೆ ಲಿಂಗನಮಕ್ಕಿ ಅಣೆಕಟ್ಟೆ ಬಂತು, ತವರುಮನೆ ಮುಳುಗಿತು, ಮನೆಯವರು ಹೊಸನಗರ ಕಡೆ ಹೋದರು, ಹೊಳೆ ಸಮುದ್ರದ ಹಾಗಾಯಿತು.

ಇನ್ನೊಂದು ವಿಷಯವನ್ನು ಈ ಹುಡುಗಿ ಹೆದರುತ್ತಾ ಬರೆದಿದ್ದಾರೆ. ಚಿಕ್ಕಂದಿನಿಂದ ಒಂದೇ ಕನಸು: ಸುತ್ತ ನೀರು, ನಡುವೆ ಬಾವಿಕಟ್ಟೆ, ಕಟ್ಟೆಯ ಮೇಲೆ ಕವುಚಿಟ್ಟ ಕೊಡ. ದೊಡ್ಡಜ್ಜಿ ಇವರ ಕೈ ಹಿಡಿದುಕೊಂಡು, ಕೇಳದೆಯೇ, 'ಬಾವಿಕಟ್ಟೆ ಮೇಲೆ ಕೊಡ ಕವುಚಿಟ್ಟು ಬಂದೆ ಮಗಾ, ಮತ್ತೆ ಹೋಗಲಿಕ್ಕೆ ಆಗಲಿಲ್ಲ' ಅಂದರಂತೆ. ಆಮೇಲೆ, 'ಇದು ನಿನ್ನ ಕೈಗೆ ಬಂದಿದೆ, ನಿನ್ನ ಅಮ್ಮನ ಕೈಗೆ ಬರಲಿಲ್ಲ.'

ಪತ್ರದ ಕೊನೆಗೆ ಎರಡು ಪ್ರಶ್ನೆ. ಇದೆಲ್ಲ ನಿಜವಾ? ನಾನು ಕಲಿಯಲಾ, ಬೇಡವಾ?

ಹೌದು ಮಾರಾಯ್ತಿ, ಕಲಿಯಿರಿ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ.

ನಿಮ್ಮ ಬೆಂಗಳೂರಿನ ಗೆಳೆಯರು ಮೂಢನಂಬಿಕೆ ಅಂತಾರಂತೆ. ಅವರ ಕಾಳಜಿ ಸುಳ್ಳಲ್ಲ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕಿಸುತ್ತಾ ಕೂತು ಜೀವ ಕಳೆದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. 2017ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನು ಅಪರಾಧ ಅಂತ ಕಾನೂನು ಮಾಡಿದ್ದು ಸರಿಯಾಗಿಯೇ ಇದೆ. ಸರ್ಪಸುತ್ತು ಕೂಡ ಹಾವಿನ ಶಾಪ ಅಲ್ಲ. ಯಾವತ್ತೋ ಸೀತಾಳೆ (ಚಿಕನ್ ಪಾಕ್ಸ್) ಆದಾಗ ಮೈಗೆ ಹೊಕ್ಕ ವೈರಸ್ಸು ನರದ ಬುಡದಲ್ಲಿ ಹತ್ತಾರು ವರ್ಷ ಅಡಗಿ ಕೂತು, ಮೈ ಸೋತಾಗ ಎದ್ದು ಬರುವುದು. ಬೊಕ್ಕೆ ಎದ್ದ ಮೂರು ದಿನದೊಳಗೆ ಡಾಕ್ಟರ ಮಾತ್ರೆ ಶುರುವಾದರೆ ಒಳ್ಳೆಯದು, ಕಣ್ಣಿನ ಹತ್ತಿರ ಎದ್ದರೆ ಒಂದು ದಿನವೂ ಕಾಯಬಾರದು. ಇದನ್ನು ದೊಡ್ಡಜ್ಜಿಗೂ ಹೇಳಿ. ಗೆಳೆಯರ ಮಾತಿನಲ್ಲಿ ತೆಗೆದುಕೊಳ್ಳಬೇಕಾದ್ದು ಇಷ್ಟೇ.

ನನಗೇ ಸರ್ಪಸುತ್ತು ಆಗಿತ್ತು, ಐವತ್ತರ ಹೊತ್ತಿಗೆ, ಎಡಪಕ್ಕೆಗೆ. ಬೆಂಕಿ ಇಟ್ಟ ಹಾಗೆ ಉರಿ. ಡಾಕ್ಟರ ಮಾತ್ರೆ ನುಂಗುತ್ತಿದ್ದೆ. ಅದರ ಜೊತೆಗೆ ಅತ್ತೆ ನನ್ನನ್ನು ತೀರ್ಥಹಳ್ಳಿ ಹತ್ತಿರದ ಒಂದು ಮನೆಗೆ ಕರೆದುಕೊಂಡು ಹೋದರು. ಆ ಅಮ್ಮ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ಕೈ ತೊಳೆದು ಬಂದು, ಕೆಮ್ಮಣ್ಣು ಕಲಸಿ, ಒಂದು ಹಿಡಿ ಗರಿಕೆಯಿಂದ ಬೊಕ್ಕೆಗಳ ಸುತ್ತ ನಿಧಾನಕ್ಕೆ ಎಳೆದರು. ಸರ್ಪದ ತಲೆಬಾಲ ಕೂಡಬಾರದು ಅಂತ ಎರಡೂ ತುದಿಗೆ ಗೆರೆ ಹಾಕಿದರು. ಎಳೆಯುತ್ತಾ ಎಳೆಯುತ್ತಾ ಕೇಳಿದರು: ಯಾವ ಮನೆ? ಅಮ್ಮನ ತವರು ಯಾವುದು? ಅಜ್ಜಿಯ ತವರು? ಮೂರನೇ ಪ್ರಶ್ನೆಗೆ ನನಗೆ ಉತ್ತರ ಬರಲಿಲ್ಲ. ಆಕೆಗೆ ಬಂತು. ನನ್ನ ಅಜ್ಜಿಯ ತವರು, ಅಲ್ಲಿಂದ ಆಗುಂಬೆ ಕಡೆಗೆ ಕೊಟ್ಟ ಇನ್ನೊಬ್ಬಳು ಮಗಳು, ಅವಳ ಮಕ್ಕಳು, ಎಲ್ಲ ಆ ಗರಿಕೆ ಕೈಯಲ್ಲಿರುವಾಗಲೇ ಹೇಳಿಬಿಟ್ಟರು. ನಾನು ಹುಟ್ಟಿ ಐವತ್ತು ವರ್ಷಕ್ಕೆ ಕೆಮ್ಮಣ್ಣು ಹಚ್ಚಿಸಿಕೊಳ್ಳುತ್ತಾ ನನ್ನ ಅಜ್ಜಿಯ ತಂಗಿಯ ಹೆಸರು ಕೇಳಿದೆ.

ಉರಿ ಮಾತ್ರೆಯಿಂದ ಇಳಿಯಿತೋ ಮಣ್ಣಿನಿಂದಲೋ ಅಂತ ಮಗ ಕೇಳಿದ. ಮಾತ್ರೆಯಿಂದಲೇ ಇರಲಿ. ಆದರೆ ಆ ಅಮ್ಮನಲ್ಲಿ ಇದ್ದದ್ದು ಶಕ್ತಿ ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ. ಮುಟ್ಟಲು ಹೇಸುವ ಮೈಯನ್ನು ಮುಟ್ಟುವುದು, ಎಂಟು ಊರಿನ ಹೆಣ್ಣುಮಕ್ಕಳು ಎಲ್ಲಿ ಹೋದರು ಅಂತ ತಲೆಯಲ್ಲಿ ಇಟ್ಟುಕೊಂಡಿರುವುದು, ದುಡ್ಡು ಮುಟ್ಟದೆ ಒಂದು ತೆಂಗಿನಕಾಯಿ ಇಟ್ಟು ಹೋಗಿ ಅನ್ನುವುದು, ಇದು ಎಲ್ಲರ ಕೈಲಿ ಆಗುವ ಕೆಲಸ ಅಲ್ಲ. ಆಕೆಗೆ ಅದು ಅತ್ತೆಯಿಂದಲ್ಲ, ಅಮ್ಮನಿಂದ ಬಂದಿತ್ತು. ಅಮ್ಮನಿಗೆ ಅವಳ ಅಮ್ಮನಿಂದ.

ನಿಮ್ಮ ಕನಸಿನ ವಿಷಯ. ಅಜ್ಜಿ ನಿಮ್ಮನ್ನು ಮಲಗಿಸುವಾಗ ಆ ಬಾವಿಕಟ್ಟೆಯ ಕತೆ ಹೇಳಿರಬಹುದು, ನಿಮಗೆ ಮರೆತಿರಬಹುದು ಅಂತ ಯಾರಾದರೂ ಹೇಳುತ್ತಾರೆ. ಇದ್ದರೂ ಇರಬಹುದು. ಹಾಗಿದ್ದರೆ ಇನ್ನೂ ಒಳ್ಳೆಯದಲ್ವಾ? ಅಕ್ಕನ ಹೆಸರು ಎತ್ತಬಾರದು ಅಂತ ಬಾಯಿ ಕಟ್ಟಿಸಿಕೊಂಡಿದ್ದ ನಿಮ್ಮ ಅಜ್ಜಿ, ಅಕ್ಕ ಕವುಚಿಟ್ಟ ಕೊಡವನ್ನು ಮಾತ್ರ ಮೊಮ್ಮಗಳ ನಿದ್ದೆಯೊಳಗೆ ಇಟ್ಟು ಹೋದರು. ವಿಜ್ಞಾನದ ಮಾತೇ ಬೇಕಾದರೆ ಅದೂ ಇದೆ. ನಮ್ಮ ಜೀವಕೋಶಗಳ ಒಳಗೆ ಮೈಟೋಕಾಂಡ್ರಿಯ ಅಂತ ಇರುತ್ತದೆ, ಮೈಗೆ ಕಸುವು ಕೊಡುವುದು ಅದೇ. ಅದು ತಾಯಿಯಿಂದ ಮಾತ್ರ ಬರುತ್ತದೆ. ನಿಮ್ಮ ಮುತ್ತಜ್ಜಿಯದು ದೊಡ್ಡಜ್ಜಿಗೂ ಬಂತು, ಅಜ್ಜಿಗೂ ಬಂತು, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನಿಮಗೆ. ರೇಗಿದ ಸೋದರಮಾವನ ಮೈಯಲ್ಲೂ ಅದೇ ಇದೆ, ಆದರೆ ಅವರಿಂದ ಮುಂದಕ್ಕೆ ಹೋಗುವುದಿಲ್ಲ. ಘಟ್ಟದ ಕೆಳಗೆ ಬಂಟರು, ಬಿಲ್ಲವರು ಬಳಿಯನ್ನು, ಅಂದರೆ ಕುಲವನ್ನು, ತಾಯಿ ಕಡೆಯಿಂದ ಎಣಿಸುತ್ತಾರೆ. ಸೂಕ್ಷ್ಮದರ್ಶಕ ಬರುವ ಎಷ್ಟೋ ಮೊದಲೇ ಅವರಿಗೆ ಈ ದಾರಿ ಗೊತ್ತಿತ್ತು.

ನನಗೆ ಸಿಟ್ಟು ಬರುವುದು ಆ ಕಾಗದದ ಮೇಲೆ. ಮೈದುಂಬುತ್ತದೆ ಅಂತ ಮಗಳನ್ನು ಹೊಳೆಯಾಚೆ ಬಿಟ್ಟರು. ಹೆಸರು ಎತ್ತಬೇಡಿ ಅಂದರು. ಆದರೆ ಆಸ್ತಿ ಖಾತೆ ಬದಲಾಯಿಸಬೇಕಾದಾಗ ಯಾರೋ ಲಾಂಚು ಹತ್ತಿ ಹೋಗಿದ್ದಾರೆ, ಆಕೆಯ ಮನೆ ಹುಡುಕಿದ್ದಾರೆ, ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದಾರೆ! ಯಾಕೆಂದರೆ 1956ರ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ವಿಲ್ಲು ಬರೆಯದೆ ಸತ್ತ ಅಪ್ಪನ ಪಾಲಿಗೆ ಮಗಳೂ ಹಕ್ಕುದಾರಳು. ತಲೆ ಸರಿಯಿಲ್ಲ ಅಂತ ದೂರ ಇಟ್ಟವಳ ಹೆಬ್ಬೆಟ್ಟು ಮಾತ್ರ ಸರಿಯಾಗಿತ್ತು.

ಇದು ನಿಮ್ಮ ಮನೆಯ ಕತೆ ಒಂದೇ ಅಲ್ಲ. ಮದುವೆಯಾಗದ ಹೆಣ್ಣುಮಕ್ಕಳಿಗೆ ನಮ್ಮ ರಾಜ್ಯದಲ್ಲಿ 1994ರಲ್ಲಿ, ಆಮೇಲೆ 2005ರಲ್ಲಿ ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೆ, ಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಪಾಲು ಅಂತ ಕಾನೂನಾಯಿತು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತು ನೋಡಿ. ಅಣ್ಣ ಕೊಟ್ಟ ಸೀರೆಯ ಕವರು ತೊಡೆಯ ಮೇಲೆ ಇಟ್ಟುಕೊಂಡು ಸಹಿಗೆ ಕಾಯುತ್ತಿರುವ ಅಕ್ಕಂದಿರು ಈಗಲೂ ಸಿಗುತ್ತಾರೆ. ನಮ್ಮ ಕುಟುಂಬದವರು ಸೇರಿ ವಂಶಾವಳಿ ಪುಸ್ತಕ ಅಚ್ಚು ಹಾಕಿಸಿದರು, ದಪ್ಪ ಕಾಗದ, ಚಿನ್ನದ ಬಣ್ಣದ ಅಕ್ಷರ. ಅದರಲ್ಲಿ ನನ್ನ ಅಮ್ಮ 'ಪತ್ನಿ'. ನಾನು 'ಪುತ್ರಿ 1'. ಕರಡು ತಿದ್ದಿ ಕೊಡಿ ಅಂತ ನನಗೇ ಕಳಿಸಿದ್ದರು! ಹೆಸರು ಸೇರಿಸಿ ಕೊಟ್ಟೆ, ಜಾಗ ಸಾಲದು ಅಂತ ತೆಗೆದರು. ರಾಣಿಯಾದರೆ ಮಾತ್ರ ಹೆಸರು ಉಳಿಯುತ್ತದೆ, ಅದೂ ಅವಳೊಬ್ಬಳದು. ಕೆಳದಿ ಚೆನ್ನಮ್ಮ 1672ರಿಂದ 25 ವರ್ಷ ಆಳಿದಳು, ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟಳು. ಅವಳ ಅಪ್ಪ ಕೋಟಿಪುರದ ಸಿದ್ದಪ್ಪ ಶೆಟ್ಟಿ ಅಂತ ಪುಸ್ತಕಗಳು ಹೇಳುತ್ತವೆ. ಅಮ್ಮನ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ನೀರು ಮುಳುಗಿಸಿದ್ದೂ ಹಾಗೇ. 1948ರಲ್ಲಿ ಮುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ, 1964ರಲ್ಲಿ ಲಿಂಗನಮಕ್ಕಿ ಬಂದಾಗ ತಾನೇ ನೀರಿನೊಳಗೆ ಹೋಯಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಈಗಲೂ ತಲೆ ಎತ್ತುತ್ತದೆ, ಜನ ಕಾರು ಮಾಡಿಕೊಂಡು ಹೋಗಿ ಫೋಟೊ ತೆಗೆದುಕೊಳ್ಳುತ್ತಾರೆ. ಮುಳುಗಡೆಯ ಮನೆಗಳವರು ಮಾತ್ರ ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಊರು ಊರೇ ಚೆದುರಿದಾಗ ಗಂಡಸರ ಸಂಬಂಧ ಸರ್ವೆ ನಂಬರಿನಲ್ಲಿ ಉಳಿಯಿತು. ಹೆಂಗಸರ ಸಂಬಂಧ ಬಾಯಿಮಾತಿನಲ್ಲಿತ್ತು, ಬಾಯಿಗಳು ಬೇರೆ ಬೇರೆ ಕಾಡು ಸೇರಿದವು.

ಈಗ ನಿಮಗೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನೀವು ಧೈರ್ಯವಂತೆ. ಮನೆಯವರೆಲ್ಲ ಬೇಡ ಅಂದರೂ ಹೊರಟಿರಿ, ನಿಮ್ಮ ವಯಸ್ಸಿನಲ್ಲಿ ನನ್ನಿಂದ ಆಗುತ್ತಿರಲಿಲ್ಲ. ಆದರೆ ಪತ್ರವನ್ನು ಮೂರು ಸಲ ಓದಿದೆ. ಚೌಡಿ ಹೇಗೆ ಬರುತ್ತಾಳೆ, ಕಣ್ಣು ಹೇಗೆ ಕೆಂಪಾಗುತ್ತದೆ, ಕೈ ಹಿಡಿದಾಗ ನಿಮಗೆ ಮೈ ಜುಮ್ಮೆಂದದ್ದು ಎಲ್ಲ ಇದೆ. ಆರು ಪುಟದಲ್ಲಿ ದೊಡ್ಡಜ್ಜಿಯ ಹೆಸರು ಒಂದು ಸಲವೂ ಇಲ್ಲ. 'ಒಂದು ಹೆಸರು' ಅಂತ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಹೆಸರು ಬೇಡ ಅಂದಿರಿ, ಒಪ್ಪಿದೆ. ಆಕೆಯದನ್ನು ಯಾಕೆ ಬಿಟ್ಟಿರಿ? ಅರವತ್ತು ವರ್ಷ ಮನೆಯವರು ಮಾಡಿದ್ದನ್ನೇ ನೀವೂ ಗೊತ್ತಿಲ್ಲದೆ ಮಾಡಿದಿರಿ.

ಮತ್ತೆ ಹೋಗಿ. 2025ರ ಜುಲೈಯಿಂದ ಸಿಗಂದೂರು ಸೇತುವೆ ಇದೆ, ಎರಡೂವರೆ ಕಿಲೋಮೀಟರಿನ ಹತ್ತಿರ, ಲಾಂಚಿಗೆ ಕಾಯುವುದು ಬೇಡ. ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರ ಕೈಗೆ ಬರಲಿಲ್ಲ ಅಂತ ದೊಡ್ಡಜ್ಜಿ ಅಂದರಲ್ಲ, ಅವರ ಕೈಯನ್ನು ಯಾರೂ ಒಮ್ಮೆಯೂ ಹಿಡಿದು ನೋಡಿಲ್ಲ. ಮದ್ದಿನ ಗುಟ್ಟು ಹೇಳಿದರೆ ನಾಟುವುದಿಲ್ಲ ಅಂತ ದೊಡ್ಡಜ್ಜಿ ಹಟ ಮಾಡಬಹುದು. ಒತ್ತಾಯ ಬೇಡ. ಕಾಡಿಗೆ ಹೋಗುವಾಗ ಜೊತೆಗೆ ಹೋಗಿ, ಯಾವ ಬೇರು, ಯಾವ ಎಲೆ ಅಂತ ನೋಡಿ, ಪುಸ್ತಕದಲ್ಲಿ ಬರೆದಿಡಿ. ಕೆಮ್ಮಣ್ಣು ಕಲಸುವುದು ಕಲಿಯಿರಿ. ಸೋದರಮಾವನಿಗೆ ಹೆದರಬೇಡಿ, ಆ ಕಾಗದ ನಿಮ್ಮ ಹತ್ತಿರವೇ ಇರಲಿ.

ಒಂದು ರಾತ್ರಿ ಅಲ್ಲೇ ಉಳಿಯಿರಿ. ಊಟವಾದ ಮೇಲೆ, ಶಕ್ತಿಯ ಮಾತು ಎತ್ತದೆ, ಆಕೆಯ ಅಮ್ಮನ ಹೆಸರು ಕೇಳಿ. ಆ ಅಮ್ಮನ ತವರು ಕೇಳಿ. ಆ ಹೊಳೆಸಾಲಿನಲ್ಲಿ ಆ ಬಾವಿಯಿಂದ ನೀರು ಸೇದಿದ ಹೆಂಗಸರ ಹೆಸರನ್ನೆಲ್ಲ ಕೇಳಿ. ಬರೆದು ನನಗೆ ಕಳಿಸಿ, ಎಷ್ಟು ಪುಟವಾದರೂ ಆಗಲಿ. ನಮ್ಮ ಪತ್ರಿಕೆಯಲ್ಲಿ ಜಾಗ ಇದೆ.

— ಸಂಪಾದಕಿ