63 ಮೇಲ್, ಒಂದಕ್ಕೂ ಉತ್ತರ ಇಲ್ಲ

ಈ ವಾರದ ಪತ್ರ, ಸ್ವಲ್ಪ ಚಿಕ್ಕದು ಮಾಡಿ:

"ಅಕ್ಕಾ, ನನಗೆ 24. ಹಾವೇರಿ ಕಡೆಯವಳು. ಐದು ವರ್ಷದ ಬಿಎ ಎಲ್‌ಎಲ್‌ಬಿ ಮುಗಿದು 14 ತಿಂಗಳಾಯಿತು. ಬೆಂಗಳೂರಲ್ಲಿ ಪಿಜಿಯಲ್ಲಿದ್ದೇನೆ. ದೊಡ್ಡ ಲಾ ಫರ್ಮ್‌ಗಳಿಗೆ, ಕಂಪನಿಗಳಿಗೆ 63 ಮೇಲ್ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ. ಈಗ ಒಬ್ಬ ಸೀನಿಯರ್ ಹತ್ತಿರ ಹೋಗುತ್ತಿದ್ದೇನೆ. ತಿಂಗಳಿಗೆ 4,000 ಕೊಡುತ್ತಾರೆ, ಬಸ್ ಖರ್ಚಿಗೆ ಅಂತ. ಫೈಲ್ ಹೊರುವುದು, ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕುವುದು, ಇಷ್ಟೇ ಕೆಲಸ. ವಕೀಲಿ ಮಾಡಲು ಬೇಕಾದ ಸನ್ನದು, ಅಂದರೆ ಬಾರ್ ಕೌನ್ಸಿಲ್ ನೋಂದಣಿ, ಇನ್ನೂ ಮಾಡಿಸಿಲ್ಲ, 20 ಸಾವಿರದ ಮೇಲೆ ಬೇಕು ಅಂತ ಗೆಳೆಯರು ಹೇಳಿದರು. ಮನೆಯಲ್ಲಿ ಮಾತ್ರ ಕಂಪನಿ ಕೆಲಸ ಸಿಕ್ಕಿದೆ, 22,000 ಸಂಬಳ ಅಂತ ಹೇಳಿಬಿಟ್ಟಿದ್ದೇನೆ. ತಂಗಿಯ ಫೀಸಿಗೆ ಗೆಳತಿ ಹತ್ತಿರ ಸಾಲ ಮಾಡಿ ಮೂರು ಸಲ ದುಡ್ಡು ಕಳಿಸಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಿಂದೆ ಅಪ್ಪ, ಕಾಕಾ ನಡುವೆ ಹೊಲ ಅಳೆದು ಪಾಲು ಬೇರೆ ಮಾಡುವ ಪೋಡಿಯ ಗಲಾಟೆ ಆದಾಗ ತಾಲ್ಲೂಕು ಆಫೀಸಿಗೆ ಅಲೆದು ಮಾಡಿಸಿದ್ದು ನಾನೇ, ಆಗ ಊರವರೆಲ್ಲ ವಕೀಲ್ ಬಾಯಿ ಅಂತಿದ್ದರು, ಈಗ ನೆನೆಸಿಕೊಂಡರೆ ನಗು ಬರುತ್ತದೆ. ವಾಪಸ್ ಊರಿಗೆ ಹೋಗಲಾ? ಅಪ್ಪಗ ಏನಂತ ಹೇಳ್ಲಿ ಅಕ್ಕಾ?"

ತಂಗಿ, ಮೊದಲು ಸನ್ನದು. ಉಳಿದದ್ದೆಲ್ಲ ಆಮೇಲೆ.

ಗೆಳೆಯರು ಹೇಳಿದ್ದು ಹಳೇ ಲೆಕ್ಕ. ಆ ಫಂಡು ಈ ಫಂಡು ಅಂತ ಸೇರಿಸಿ ಬಾರ್ ಕೌನ್ಸಿಲ್‌ಗಳು ಅಷ್ಟೆಲ್ಲ ತೆಗೆದುಕೊಳ್ಳುತ್ತಿದ್ದ ಕಾಲ ಇತ್ತು. 2024ರ ಜುಲೈ 30ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ವಕೀಲರ ಕಾಯ್ದೆಯ 24ನೇ ಸೆಕ್ಷನ್ ಹೇಳುವ 750 ರೂಪಾಯಿ, ಪರಿಶಿಷ್ಟರಾದರೆ 125, ಜೊತೆಗೆ ಸ್ಟ್ಯಾಂಪ್ ಡ್ಯೂಟಿ. ನೋಂದಣಿಗೆ ಅಂತ ಇದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಕೌಂಟರಿನಲ್ಲಿ ಇನ್ನೇನಾದರೂ ಕೇಳಿದರೆ ಯಾವುದಕ್ಕೆ ಅಂತ ಬರವಣಿಗೆಯಲ್ಲಿ ಕೇಳು. ಇದೇ ನಿನ್ನ ಮೊದಲ ಕೇಸು ಅಂದುಕೋ.

ಮೊದಲು ಸಿಗುವುದು ತಾತ್ಕಾಲಿಕ ಸನ್ನದು, ಎರಡು ವರ್ಷದೊಳಗೆ ಎಐಬಿಇ, ಅಂದರೆ ಅಖಿಲ ಭಾರತ ಬಾರ್ ಪರೀಕ್ಷೆ, ಪಾಸಾಗಬೇಕು. 100 ಪ್ರಶ್ನೆ, 45 ಬಂದರೆ ಸಾಕು, ನೋಟ್ಸ್ ಇಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯ) ಒಳಗೆ ಒಯ್ಯಬಹುದು. ನೀನು ಕಾಲೇಜಿಗೆ ಸೇರಿದಾಗ ಐಪಿಸಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆ. ಹಳೇ ಪುಸ್ತಕ ಹಿಡಿದುಕೊಂಡು ಹೋಗಬೇಡ ಮತ್ತೆ.

ಇಷ್ಟು ಅವಸರ ಯಾಕೆ ಅಂದರೆ, ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕು ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿತು. ಆ ಮೂರು ವರ್ಷ ಲೆಕ್ಕಕ್ಕೆ ಬರುವುದು ತಾತ್ಕಾಲಿಕ ಸನ್ನದಿನ ದಿನದಿಂದ. ಅಂದರೆ ನೀನು ಬಿಸಿಲಲ್ಲಿ ಫೈಲ್ ಹೊತ್ತ 14 ತಿಂಗಳು ಯಾವ ಲೆಕ್ಕಕ್ಕೂ ಇಲ್ಲ. ಓದಿ ಬೇಜಾರಾಗುತ್ತದೆ, ಗೊತ್ತು. 15ನೇ ತಿಂಗಳೂ ಹಾಗೇ ಹೋಗಬಾರದು ಅಂತ ಹೇಳಿದೆ.

ಇನ್ನು ಆ 63 ಮೇಲ್. ಪತ್ರದ ಜೊತೆ ಒಂದನ್ನು ನನಗೂ ಕಳಿಸಿದ್ದೀಯಲ್ಲ, ನೋಡಿದೆ. 'ರೆಸ್ಪೆಕ್ಟೆಡ್ ಸರ್ ಆರ್ ಮೇಡಂ, ಐ ಆಮ್ ಎ ಡೈನಾಮಿಕ್ ಲಾ ಗ್ರಾಜುಯೇಟ್' ಅಂತ ಶುರು. ಮೇಲೆ 11 ಜನರ ವಿಳಾಸ ಒಟ್ಟಿಗೆ ಕಾಣಿಸುತ್ತಿದೆ, ಒಬ್ಬರದ್ದು ಇನ್ನೊಬ್ಬರಿಗೆ ಕಾಣುವ ಹಾಗೆ. ಇದನ್ನು ಯಾರು ಓದುತ್ತಾರೆ ಹೇಳು? ಮೇಲ್ ಚೆನ್ನಾಗಿದ್ದಿದ್ದರೂ ದೊಡ್ಡ ಫರ್ಮ್‌ನಲ್ಲಿ ಕಷ್ಟವೇ ಇತ್ತು. ಅಲ್ಲಿ ನಾಗರಭಾವಿಯ ಲಾ ಸ್ಕೂಲಿನಂಥ ಕಡೆಯಿಂದ ಇಂಟರ್ನ್ ಆಗಿ ಬಂದವರನ್ನೇ ಹೆಚ್ಚಾಗಿ ತೆಗೆದುಕೊಳ್ಳುತ್ತಾರೆ, ಅದೂ ಅವರ ಡಿಗ್ರಿ ಮುಗಿಯುವ ಮೊದಲೇ. ಇದನ್ನು ನಿಮ್ಮ ಕಾಲೇಜಿನಲ್ಲಿ ಯಾರೂ ಹೇಳಿರುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ನಿನ್ನ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಪೋಡಿಯ ಸಾಲು. ನೀನು ನಗು ಬರುತ್ತದೆ ಅಂತ ಬಿಟ್ಟುಬಿಟ್ಟೆಯಲ್ಲ, ಅದು. ಬೆಂಗಳೂರಲ್ಲಿ ಜಮೀನು, ಸೈಟು, ಅಪಾರ್ಟ್‌ಮೆಂಟ್ ಏನೇ ಮಾರಾಟ ಆಗಲಿ, ಬ್ಯಾಂಕ್ ಸಾಲ ಕೊಡಲಿ, ಮೊದಲು ಟೈಟಲ್, ಅಂದರೆ ಮಾಲೀಕತ್ವ ಸರಿ ಇದೆಯಾ ಅಂತ ನೋಡಬೇಕು. ಮದರ್ ಡೀಡ್ (ಮೂಲ ಪತ್ರ), ಇಸಿ (ಋಣಭಾರ ಪತ್ರ), ಪಹಣಿ, ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ಆಕಾರಬಂದ್ (ವಿಸ್ತೀರ್ಣದ ದಾಖಲೆ), 11ಇ ನಕ್ಷೆ (ಜಮೀನು ಭಾಗ ಮಾಡುವ ಮೊದಲಿನ ಅಳತೆ ನಕ್ಷೆ), ಎಲ್ಲಾ ಕನ್ನಡ. ಹಳೆಯವಂತೂ ಶ್ಯಾನುಭೋಗರ ಕೈಬರಹ, ಇರುವೆ ಸಾಲಿನ ಹಾಗೆ. ಚೆಂದದ ಇಂಗ್ಲಿಷ್ ಮಾತಾಡುವ ಎಷ್ಟೋ ಹುಡುಗರು ಆ ಕಾಗದ ಹಿಡಿದುಕೊಂಡು ಪಕ್ಕದ ಟೇಬಲ್ಲಿನ ಗುಮಾಸ್ತರ ಮುಖ ನೋಡುವುದನ್ನು ನಾನೇ ಕಂಡಿದ್ದೇನೆ. ನೀನು ಉತಾರ ನೋಡಿಕೊಂಡೇ ಬೆಳೆದವಳು. ಇಲ್ಲಿ ಪಹಣಿ ಅಂತಾರೆ, ಅಷ್ಟೇ ವ್ಯತ್ಯಾಸ.

ಈ ಕೆಲಸ ಸುಲಭ ಅಂತ ಮಾತ್ರ ಅಂದುಕೊಳ್ಳಬೇಡ. ನಾನು ಆಫೀಸು ಸೇರಿದ ಮೊದಲ ವರ್ಷ ಒಂದು ಜಮೀನಿನ 20 ವರ್ಷದ ಪಹಣಿ ನೋಡಿ 'ಎಲ್ಲಾ ಸರಿ ಇದೆ ಸರ್' ಅಂತ ಬರೆದುಕೊಟ್ಟೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ನೋಡಿದ್ದೆ, ಸಾಲ, ಋಣ ಬರೆಯುವ 11ನೇ ಕಾಲಂ ಮೇಲೆ ಸುಮ್ನೆ ಕಣ್ಣಾಡಿಸಿದ್ದೆ. ಮಧ್ಯದ ಒಂದು ವರ್ಷ ಅಲ್ಲಿ ಸೊಸೈಟಿ ಸಾಲ ಏರಿತ್ತು, ತೀರಿದ ದಾಖಲೆ ಎಲ್ಲೂ ಇರಲಿಲ್ಲ. ಸೀನಿಯರ್ ಬೈಯಲಿಲ್ಲ. ಕಾಗದ ನನ್ನ ಕಡೆ ತಿರುಗಿಸಿ ಆ ಕಾಲಂ ಮೇಲೆ ಪೆನ್ನಿಟ್ಟು, ಕಾಫಿ ಕುಡಿಯೋಕೆ ಎದ್ದು ಹೋದರು. ಇವತ್ತಿಗೂ ಪಹಣಿ ಕೈಗೆ ಬಂದರೆ ನಾನು ಮೊದಲು ನೋಡುವುದು 11ನೇ ಕಾಲಂ.

ಅದಕ್ಕೇ ಹೀಗೆ ಮಾಡು. ನಿಮ್ಮ ಹೊಲದ್ದೇ ಕಾಗದ ತೆಗೆದುಕೋ. ಅಜ್ಜನ ಕಾಲದಿಂದ ಪೋಡಿ ಆಗುವವರೆಗೆ ಯಾರಿಂದ ಯಾರಿಗೆ ಬಂತು, ಯಾವ ದಾಖಲೆಯಲ್ಲಿ, ಎಲ್ಲಿ ಕೊಂಡಿ ತಪ್ಪಿದೆ ಅಂತ ಎರಡು ಪುಟದ ರಿಪೋರ್ಟ್ ಬರೆ. ಇಂಗ್ಲಿಷಲ್ಲೇ ಬರೆ, ಚಿಕ್ಕ ಚಿಕ್ಕ ವಾಕ್ಯ ಸಾಕು. ಈ ರಿಪೋರ್ಟಿನ ಇಂಗ್ಲಿಷ್‌ಗೆ ಇನ್ನೂರು ಮುನ್ನೂರು ಪದ ಗೊತ್ತಿದ್ದರೆ ನಡೆಯುತ್ತದೆ. ಬೇರೆಯವರಿಗೆ ತೋರಿಸುವ ಪ್ರತಿಯಲ್ಲಿ ಹೆಸರು, ಸರ್ವೆ ನಂಬರ್ ಅಳಿಸು. ಅದನ್ನು ಹಿಡಿದು ಬ್ಯಾಂಕ್ ಪ್ಯಾನಲ್‌ನಲ್ಲಿರುವ, ಅಂದರೆ ಬ್ಯಾಂಕಿಗೆ ಟೈಟಲ್ ನೋಡಿಕೊಡುವ ವಕೀಲರ ಆಫೀಸುಗಳಿಗೆ ಖುದ್ದಾಗಿ ಹೋಗು, ಸಂಜೆ ಆರರ ಮೇಲೆ, ಅವರು ಕೋರ್ಟಿನಿಂದ ಬಂದು ಕಾಫಿ ಕುಡಿದಾದ ಮೇಲೆ. 'ಕನ್ನಡ ರೆವಿನ್ಯೂ ದಾಖಲೆ ಓದುತ್ತೇನೆ, ಇದು ನಾನು ಮಾಡಿದ ರಿಪೋರ್ಟ್' ಅನ್ನು. ಡೈನಾಮಿಕ್ ಅಂತ ಹೇಳಲೇಬೇಡ. ದೊಡ್ಡ ಫರ್ಮ್‌ಗೆ ಮೇಲ್ ಕಳಿಸಲೇಬೇಕು ಅಂತಿದ್ದರೆ ರಿಯಲ್ ಎಸ್ಟೇಟ್ ವಿಭಾಗ ನೋಡಿಕೊಳ್ಳುವ ಪಾರ್ಟ್ನರ್ ಒಬ್ಬರಿಗೇ, ಹೆಸರು ಹಾಕಿ, ಇದೇ ರಿಪೋರ್ಟ್ ಜೊತೆ ಕಳಿಸು.

ನಿನ್ನ ಈಗಿನ ಸೀನಿಯರ್ ಬಗ್ಗೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಕಡೆ 15,000 ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಅದನ್ನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲೆ ಇಡಬೇಡ, ಜಗಳ ಆಗುತ್ತದೆ. 'ಸರ್, ಸನ್ನದು ಮಾಡಿಸುತ್ತಿದ್ದೇನೆ, ಮುಂದಿನ ತಿಂಗಳಿಂದ ಡ್ರಾಫ್ಟಿಂಗ್ ಕೊಡಿ, ಹತ್ತು ಸಾವಿರ ಇಲ್ಲದೆ ನನಗೆ ಇಲ್ಲಿ ಇರಲು ಆಗಲ್ಲ' ಅಂತ ನೇರ ಹೇಳು. ದುಡ್ಡು ಕಡಿಮೆ ಕೊಟ್ಟು ಕೆಲಸ ಕಲಿಸುವವರ ಹತ್ತಿರ ಒಂದು ವರ್ಷ ಇರಬಹುದು. ಎರಡೂ ಇಲ್ಲದ ಕಡೆ ಬೇಡ. ಬಿಡುವುದಾದರೆ ವಾಟ್ಸಾಪ್‌ನಲ್ಲಿ ಬಿಡಬೇಡ, ಫೈಲುಗಳ ಪಟ್ಟಿ, ಮುಂದಿನ ಡೇಟ್‌ಗಳು ಬರೆದು ಕೈಗೆ ಕೊಟ್ಟು ಬಾ. ನಾಳೆ ಅದೇ ಕಾರಿಡಾರಿನಲ್ಲಿ ಎದುರು ಸಿಗುತ್ತಾರೆ, ಅಲ್ವಾ?

ಕಂಪನಿ ಕೆಲಸ ಬಂದರೆ ಬೇಡ ಅನ್ನಬೇಡ, ಆದರೆ ಪೂರ್ಣಾವಧಿ ಸಂಬಳದ ಕೆಲಸ ಹಿಡಿದರೆ ಸನ್ನದು ಅಮಾನತಿನಲ್ಲಿ ಇಡಬೇಕು. ಜಡ್ಜ್ ಆಗುವ ಆಸೆ ಇದ್ದರೆ ಅದನ್ನು ಯೋಚಿಸು. ಹೈಕೋರ್ಟಿನ ಲಾ ಕ್ಲರ್ಕ್ ಹುದ್ದೆಗೆ ಆಗಾಗ ಕರೆಯುತ್ತಾರೆ, ಆ ಅನುಭವ ಮೂರು ವರ್ಷದ ಲೆಕ್ಕಕ್ಕೆ ಬರುತ್ತದೆ. ನೀವು ಯಾವ ವರ್ಗ ಅಂತ ನೀನು ಬರೆದಿಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯವರು ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತಾರೆ, ಹಾವೇರಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸು.

ಊರಿಗೆ ಹೋಗಲಾ ಅಂತ ಕೇಳಿದ್ದೀಯ. ಸನ್ನದು ಕೈಗೆ ಬಂದ ಮೇಲೆ ಆರು ತಿಂಗಳು ಇಲ್ಲಿ ನೋಡು. ಆಗಲಿಲ್ಲ ಅಂದರೆ ಧಾರವಾಡಕ್ಕೆ ಹೋಗು. ಹೈಕೋರ್ಟ್ ಪೀಠ ಅಲ್ಲಿದೆ, ನಿಮ್ಮ ಜಿಲ್ಲೆಯ ಕೇಸೆಲ್ಲ ಅಲ್ಲಿಗೇ ಬರುತ್ತವೆ. ಬಾಡಿಗೆ ಕಡಿಮೆ, ಭಾಷೆ ನಿನ್ನದೇ, ವಾರಕ್ಕೊಮ್ಮೆ ಮನೆ ಊಟ.

ಈಗ ಅಪ್ಪನ ವಿಷಯ. ಸಾಲ ಮಾಡಿ ಸಂಬಳ ಅಂತ ಕಳಿಸುವುದನ್ನು ಈ ತಿಂಗಳೇ ನಿಲ್ಲಿಸು. ಹೇಗೂ ಹೊಲದ ಕಾಗದ ತರಲು ಊರಿಗೆ ಹೋಗಬೇಕು, ಹೋದಾಗ ಎದುರು ಕೂತು ಹೇಳು. ಅಳುತ್ತಾ ಶುರು ಮಾಡಬೇಡ. 'ಅಪ್ಪಾ, ಕಂಪನಿ ಕೆಲಸ ಅಂದದ್ದು ಸುಳ್ಳು. ವಕೀಲರ ಹತ್ತಿರ ಕೆಲಸ ಕಲಿಯುತ್ತಿದ್ದೇನೆ, ನಾಲ್ಕು ಸಾವಿರ ಬರುತ್ತದೆ, ಗೆಳತಿಗೆ ಇಷ್ಟು ಕೊಡಬೇಕು' ಅಂತ ಮೊತ್ತ ಸಮೇತ ಹೇಳಿ ಮುಗಿಸು. ಬೈಯುತ್ತಾರೆ. ನೆಂಟರ ಮುಂದೆ ಹೇಳಿಕೊಂಡಿದ್ದಾರಲ್ಲ, ಅವಮಾನ ಅನ್ನಿಸುತ್ತದೆ, ಎರಡು ದಿನ ಮಾತು ಬಿಡಬಹುದು. ಬಿಡಲಿ. ಮೂರನೇ ದಿನ ಟ್ರಂಕಿನಿಂದ ಹಳೇ ಉತಾರ ತೆಗೆದುಕೊಡಿ ಅಂತ ಕೇಳು. ಯಾವ ಕಾಗದ ಎಲ್ಲಿದೆ ಅನ್ನುವುದು ಅವರಿಗೇ ಗೊತ್ತಿರುವುದು, ಪಕ್ಕದಲ್ಲಿ ಕೂರಲೇಬೇಕಾಗುತ್ತದೆ.

ಅಂದಹಾಗೆ, ಪೋಡಿ ಆದ ಮೇಲೆ ಕಾಕಾ ಮಾತಾಡಿಸುತ್ತಾರಾ? ಅದನ್ನು ನೀನು ಬರೆಯಲೇ ಇಲ್ಲ. ಅವರ ಹತ್ತಿರವೂ ಒಂದಷ್ಟು ಕಾಗದ ಇರುತ್ತವೆ, ಕೇಳಿ ನೋಡು.